ನಾಲ್ಕು ತುಂಡಾದ ಕಾದಂಬರಿ

ನನ್ನ ಅಕ್ಕ ಆಸ್ಪತ್ರೆಯ ವಿಚಾರಣೆ ಕೌಂಟರಿನಲ್ಲಿ ಇಡೀ ಸರ್ವಿಸು ಕಳೆದವಳು. ಬಂದವರನ್ನೆಲ್ಲ ಆ ಕಡೆ ಹೋಗಿ, ಈ ಕಡೆ ಹೋಗಿ ಎಂದು ಸಾಗಹಾಕಿ ಸಾಗಹಾಕಿ, ನಿವೃತ್ತಿಯಾದ ಮೇಲೆ ಯಾರಾದರೂ ತನ್ನ ಕಡೆಗೂ ಬರಲಿ ಅನ್ನಿಸಿತೋ ಏನೋ, ಬೀದಿಯವರನ್ನು ಸೇರಿಸಿ ಓದುಗರ ಬಳಗ ಕಟ್ಟಿದಳು. ಬಳಗವೆಂದರೆ ಜನಸಾಗರವೇ: ಹಲ್ಲಿನ ಡಾಕ್ಟರು, ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು, ಮೂಲೆಮನೆ ಆಂಟಿ ಮತ್ತು ಅಕ್ಕ. ಕೆಳಗಿನ ಮನೆಯಲ್ಲಿರುವ ನನ್ನ ಪಾಲಿಗೆ ಕುರ್ಚಿ ಹೊರುವ ಗೌರವ ಬಂತು.

ಭಾವ ತೀರಿಕೊಂಡ ಮೇಲೆ ಅವಳಿಗೆ ಭಾನುವಾರ ಎಂದರೆ ಈ ಬಳಗವೇ. ಆದರೆ ವರ್ಷದ ಕೊನೆಯ ರಜೆ ಬಂತೆಂದರೆ ಸದಸ್ಯರಿಗೆ ಇದ್ದಕ್ಕಿದ್ದಂತೆ ನೆಂಟರಿಷ್ಟರು ನೆನಪಾಗುತ್ತಾರೆ. ಹೋದ ವರ್ಷ ಒಬ್ಬರೂ ಸುಳಿಯಲಿಲ್ಲ. ಮಾಡಿಟ್ಟ ಚಹಾ ನಾನೇ ಕುಡಿದೆ. ಅವಳು ಬಾಗಿಲು ನೋಡುತ್ತ ಕೂತಿದ್ದಳು. ಈ ಸಲವೂ ಹೀಗಾದರೆ ಬಳಗಕ್ಕೆ ಬಾಗಿಲು ಹಾಕುತ್ತೇನೆ ಎಂದಳು. ಕುರ್ಚಿ ಹೊರುವುದು ತಪ್ಪಿತು ಬಿಡು ಎಂದೆ.

ಅದಕ್ಕೇ ಈ ರಜೆಯ ಓದಿಗೆ ಅಕ್ಕ ಭಾರೀ ತಲೆ ಓಡಿಸಿದಳು. ತನ್ನ ಬಳಿಯಿದ್ದ ದಪ್ಪ ಕಾದಂಬರಿಯೊಂದನ್ನು ಬೈಂಡರ್ ಅಂಗಡಿಗೆ ಒಯ್ದು, ನಾಲ್ಕು ತುಂಡು ಮಾಡಿಸಿ, ಒಂದೊಂದಕ್ಕೂ ರಟ್ಟು ಹಾಕಿಸಿ, ಒಬ್ಬೊಬ್ಬರಿಗೆ ಒಂದೊಂದು ಹಂಚಿದಳು. ತಮ್ಮ ಭಾಗದ ಕಥೆಯನ್ನು ಅವರವರೇ ಬಂದು ಹೇಳಬೇಕು.

"ಒಬ್ರು ಬರ್ಲಿಲ್ಲ ಅಂದ್ರೂ ಕಥೆ ಅಲ್ಲೇ ನಿಂತುಹೋಗತ್ತೆ. ಯಾರು ತಪ್ಪಿಸ್ಕೋತಾರೆ ನೋಡ್ತೀನಿ," ಎಂದಳು.

ಕತ್ತರಿಸುವ ಮೊದಲು ಇಡೀ ಪುಸ್ತಕವನ್ನು ನನಗೆ ಗಟ್ಟಿಯಾಗಿ ಓದಿ ಹೇಳಿದ್ದಳು. ನಾನೇನೂ ಕೇಳಿಕೊಂಡಿರಲಿಲ್ಲ. ದ್ವೀಪದ ದೀಪಸ್ತಂಭ ಕಾಯುವ ಮುದುಕನ ಕಥೆ. ಇಬ್ಬರು ಹೆಣ್ಣುಮಕ್ಕಳು ಕಡಲಾಚೆ ಹೋಗುತ್ತಾರೆ. ಮುದುಕ ಕಾಯುತ್ತಾನೆ. ಕೊನೆಯ ಪುಟದವರೆಗೂ ಯಾರೂ ಬರುವುದಿಲ್ಲ. ರಜೆಗೆ ಹೇಳಿ ಮಾಡಿಸಿದ ಕಥೆ ಎಂದು ನಾನು ಹಂಗಿಸಿದ್ದೆ.

ಆ ಭಾನುವಾರ ಮೂವರೂ ಬಂದರು. ಅಕ್ಕನ ಮುಖ ಊರಗಲವಾಯಿತು. ಮೊದಲ ಭಾಗವನ್ನು ಅವಳೇ ಹೇಳಿ, ಹುಡುಗಿಯರನ್ನು ದೋಣಿ ಹತ್ತಿಸಿದಳು. ಎರಡನೇ ಭಾಗದ ಆಂಟಿ ಗಂಟಲು ಸರಿಮಾಡಿಕೊಂಡು, ಇಬ್ಬರಿಗೂ ಒಳ್ಳೆಯ ಕಡೆ ಗಂಡು ನೋಡಿ ಮದುವೆ ಮಾಡಿಬಿಟ್ಟರು. ನಾನು ಹೌಹಾರಿದೆ, ಪುಸ್ತಕದಲ್ಲಿ ಮದುವೆಯ ಸುಳಿವೇ ಇರಲಿಲ್ಲ. ಮೂರನೆಯವರಾದ ಡಾಕ್ಟರು, ಮುದುಕನಿಗೆ ದವಡೆ ಬಾತು ಪ್ರಾಣ ಹೋಗುವಷ್ಟು ನೋವು ಬಂದದ್ದನ್ನು ಮನಸಾರೆ ವರ್ಣಿಸಿದರು. ಮೂವರ ಪೈಕಿ ಯಾರೂ ರಟ್ಟು ತೆರೆದಂತಿರಲಿಲ್ಲ. ಕೊನೆಗೆ ಮೇಷ್ಟ್ರು ಮುದುಕನ ಹೆಣ್ಣುಮಕ್ಕಳು, ಅಳಿಯಂದಿರು, ಮೊಮ್ಮಕ್ಕಳನ್ನೆಲ್ಲ ಒಂದು ವ್ಯಾನಿಗೆ ತುಂಬಿ, ಗೇರು ಬದಲಿಸುತ್ತ ಬದಲಿಸುತ್ತ ಸೀದಾ ದೀಪಸ್ತಂಭದ ಬುಡಕ್ಕೇ ತಂದು ನಿಲ್ಲಿಸಿದರು. ಅದು ದ್ವೀಪ ಎಂಬುದನ್ನು ಪಾಪ, ಅವರಿಗೆ ಯಾರೂ ಹೇಳಿರಲಿಲ್ಲ.

ಕಥೆ ಮುಗಿಯಿತು. ಉಳಿದವರು ಓದಿರಬಹುದೆಂಬ ಭಯದಲ್ಲಿ ಮೂವರೂ ಒಬ್ಬರನ್ನೊಬ್ಬರು ಹೊಗಳಿದರು. ಆಮೇಲೆ ಮೇಷ್ಟ್ರು ಅಕ್ಕನ ಕಡೆ ತಿರುಗಿ, ಅಳುಕುತ್ತಲೇ ಕೇಳಿದರು.

"ನೀವು ಪೂರ್ತಿ ಓದಿದೀರಲ್ವಾ ಮೇಡಂ? ಕೊನೆ ಹೀಗೇ ಇತ್ತಲ್ಲ?"

ನಾನು ಬಾಯಿ ತೆರೆದೆ. ಅಕ್ಕ ನನ್ನ ಕಡೆ ಒಮ್ಮೆ ನೋಡಿದಳು.

"ಹೀಗೇ ಇತ್ತು," ಎಂದಳು. "ಕೊನೆಗೆ ಎಲ್ಲರೂ ಬರ್ತಾರೆ."

ನಾನು ಬಿಸ್ಕತ್ತಿನ ತಟ್ಟೆಯನ್ನು ಮೇಷ್ಟ್ರ ಮುಂದೆ ಹಿಡಿದೆ.