ರೈಟರನ್ನು ಗಣಿಗಿಳಿಸಿದ್ದು

ಕಲ್ಲಿದ್ದಲು ಗಣಿಯನ್ನು ನಾನು ಕಣ್ಣಾರೆ ಕಂಡವಳಲ್ಲ. ಆದರೂ ಮಕ್ಕಳಿಗಾಗಿ ನಾನು ಬರೆದ ಒಂದೇ ಒಂದು ಕಾದಂಬರಿ ನಡೆಯುವುದು ಗಣಿಯಲ್ಲೇ, ಅದೂ ಬ್ರಿಟಿಷರ ಕಾಲದಲ್ಲಿ. ದೂರದ ಬಂಗಾಳದ ಕಡೆ ತಾಯಿಯ ಜೊತೆ ಕಲ್ಲಿದ್ದಲ ಬುಟ್ಟಿ ಹೊರುವ ಹುಡುಗಿಯ ಕಥೆ. ಎಷ್ಟೆಲ್ಲ ಓದಿ ಬರೆದಿದ್ದೀರಿ ಎಂದು ಹೊಗಳಿದವರಿದ್ದಾರೆ. ಓದಿದ್ದೇನೋ ನಿಜ. ಬರೆಸಿದ್ದು ಮಾತ್ರ ಸಿಟ್ಟು.

ಆ ಸಿಟ್ಟಿಗೆ ಕಾರಣ ಮಲ್ಲಂದೂರಿನ ಕಡೆ ಎಸ್ಟೇಟೊಂದರಲ್ಲಿದ್ದ ರೈಟರು. ರೈಟರೆಂದರೆ ತೋಟದ ಹಾಜರಿ, ಲೆಕ್ಕ ನೋಡಿಕೊಳ್ಳುವವರು. ಎಸ್ಟೇಟಿನವರೇ ಸಾಲಾಗಿ ಕಟ್ಟಿಸಿದ ಲೈನುಮನೆಗಳಲ್ಲಿದ್ದ ಕೂಲಿಯವರಿಗೆ ಸಾಹುಕಾರರಿಗಿಂತ ಅವರದೇ ಹೆದರಿಕೆ. ಹಣ್ಣು ಕೊಯ್ಲಿನ ದಿನಗಳಲ್ಲಿ, ಸಂಜೆ ಕಾಫಿ ಹಣ್ಣು ತೂಗಿಸಿದ ಮೇಲೆ ಹೆಂಗಸರು ಅವರೆದುರು ಸೆರಗು, ಮಡಿಲು ಕೊಡವಿ ತೋರಿಸಿಯೇ ಮನೆಗೆ ಹೋಗಬೇಕಿತ್ತು. ಒಂದು ಸಂಜೆ, ಅಲ್ಲೇ ಕೂಲಿಗಿದ್ದ ನಮ್ಮವ್ವನ ಮಡಿಲಿನಿಂದ ಕಿತ್ತಳೆ ಹಣ್ಣೊಂದು ಉರುಳಿತು. ಮರದಿಂದ ತಾನಾಗಿ ಉದುರಿದ್ದು, ಒಂದು ಕಡೆ ಹಕ್ಕಿ ಕುಕ್ಕಿದ್ದು. ರೈಟರು ಬೈಯಲಿಲ್ಲ, ಕೂಗಲಿಲ್ಲ. ಅಂಗಿಯ ಕಾಲರಿಗೆ ಕೊಡೆ ನೇತುಹಾಕಿಕೊಂಡು ಏಲಕ್ಕಿ ಅಗಿಯುತ್ತಾ, "ತಲೆ ಮೇಲೆ ಇಟ್ಕೊಂಡು ನಿಂತ್ಕೋ. ಎಲ್ರೂ ನೋಡ್ಲಿ" ಎಂದರು. ಕೊನೆಯ ಚೀಲ ಟ್ರ್ಯಾಕ್ಟರಿಗೆ ಏರುವವರೆಗೂ ಅವ್ವ ಹಾಗೆಯೇ ನಿಂತಿದ್ದಳು. ನಾನು ಅವಳ ಸೆರಗು ಹಿಡಿದುಕೊಂಡು ಪಕ್ಕದಲ್ಲಿದ್ದೆ. ಅಂದಿನಿಂದ ಲೈನಿನಲ್ಲಿ ಅವ್ವನಿಗೆ 'ಕಿತ್ತಳೆ' ಎಂದೇ ಹೆಸರಾಯಿತು. ನಾನು ಶಾಲೆಗೆ ಸೇರಿದಾಗ ಆ ಹೆಸರು ಅಲ್ಲಿಗೂ ಬಂತು.

ಮುಂದೆ ನಾನು ಕಳಸದಲ್ಲಿ ಟೀಚರಾದೆ. ಕಥೆ ಬರೆಯಲು ಕೂತಾಗ ಮೊದಲು ನೆನಪಾದದ್ದೇ ಆ ಮನುಷ್ಯ. ಆದರೆ ಅವ್ವ ಆಗಿನ್ನೂ ಅದೇ ಲೈನಿನಲ್ಲಿದ್ದಳು. ಎಸ್ಟೇಟಿನ ಕಥೆ ಬರೆದರೆ ಅವಳನ್ನು ಮನೆ ಬಿಡಿಸುತ್ತಿದ್ದರು. ಹಾಗಾಗಿ ರೈಟರನ್ನು ಹಿಂದಿನ ಕಾಲಕ್ಕೆ ದಬ್ಬಿ ಗಣಿಯ ಮೇಸ್ತ್ರಿ ಮಾಡಿದೆ. ಒಲೆಗೆಂದು ಕಲ್ಲಿದ್ದಲ ತುಂಡೊಂದನ್ನು ಮಡಿಲಲ್ಲಿಟ್ಟುಕೊಂಡ ಹೆಂಗಸನ್ನು ಹಿಡಿದು, ಅದನ್ನೇ ಅವಳ ತಲೆಯ ಮೇಲೆ ಇರಿಸಿ ನಿಲ್ಲಿಸುತ್ತಾನೆ ಆ ಮೇಸ್ತ್ರಿ. ಬಾಯಲ್ಲಿ ಏಲಕ್ಕಿ, ಕಾಲರಿನಲ್ಲಿ ಕೊಡೆ. ಗಣಿಯೊಳಗೆ ಕೊಡೆ ಯಾಕೆ ಎಂದು ಒಬ್ಬ ಓದುಗನೂ ಕೇಳಲಿಲ್ಲ! ಕೊನೆಯ ಅಧ್ಯಾಯದಲ್ಲಿ ಅವನನ್ನು ಕೆಸರಿನಲ್ಲಿ ಬೀಳಿಸಿ, ಹಲ್ಲು ಮುರಿಸಿ, ಕೆಲಸದಿಂದ ಕಿತ್ತುಹಾಕಿಸಿದೆ. ಬರೆಯುವಾಗ ಆದ ಖುಷಿಯನ್ನು ಏನೆಂದು ಹೇಳಲಿ.

ಹೋದ ವರ್ಷ ನಮ್ಮ ಶಾಲೆಯಲ್ಲೇ ಪುಸ್ತಕ ಬಿಡುಗಡೆಯಾಯಿತು. ಅಷ್ಟರಲ್ಲಿ ಅವ್ವ ಕೆಲಸ ಬಿಟ್ಟು ನನ್ನ ಮನೆಗೆ ಬಂದಿದ್ದಳು. ರೈಟರೂ ನಿವೃತ್ತರಾಗಿ ಕಳಸದಲ್ಲಿ ಮನೆ ಕಟ್ಟಿಸಿ ಊರ ಹಿರಿಯರೆನಿಸಿಕೊಂಡಿದ್ದರು. ಅವರನ್ನು ಅತಿಥಿಯಾಗಿ ಕರೆಸಿದ್ದು ನಾನೇ. ಅವ್ವನನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಆ ಮೇಸ್ತ್ರಿಯ ಭಾಗಗಳನ್ನೇ ಹೆಕ್ಕಿ ಗಟ್ಟಿಯಾಗಿ ಓದಿದೆ. ಅವರ ಮುಖ ಕಪ್ಪಿಡುವುದನ್ನು ಕಣ್ತುಂಬ ನೋಡಬೇಕಿತ್ತು ನನಗೆ.

ಅವರೋ, ಆರಾಮಾಗಿ ತಲೆದೂಗುತ್ತಾ ಕೇಳಿದರು. ಮೇಸ್ತ್ರಿಯ ಹಲ್ಲು ಮುರಿದಾಗ ಮಕ್ಕಳಿಗಿಂತ ಮೊದಲು ಚಪ್ಪಾಳೆ ತಟ್ಟಿದರು. ಆಮೇಲೆ ಮೈಕಿನ ಮುಂದೆ ನಿಂತು, "ನೋಡಿ ಮಕ್ಳೇ, ಎಂಥೆಂಥ ಪಾಪಿಗಳಿದ್ರು ಆ ಕಡೆ! ನಮ್ ಕಡೆ ತೋಟಗಳಲ್ಲಿ ಇಂಥದ್ದೆಲ್ಲ ಇರ್ಲೇ ಇಲ್ಲ. ಆಳುಗಳನ್ನ ನಾವು ಮನೆ ಮಕ್ಕಳ ಹಾಗೆ ನೋಡ್ಕೊಂಡ್ವಿ" ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಹೋಗಿ ಮೈಕು ಕಿತ್ತುಕೊಂಡೆ.

"ಆ ಮೇಸ್ತ್ರಿ ನೀವೇ ರೈಟ್ರೇ. ಗಣಿನೂ ಇಲ್ಲ, ಕಲ್ಲಿದ್ದಲೂ ಇಲ್ಲ. ಬಿದ್ದ ಹಣ್ಣು ತಗೊಂಡಿದ್ಕೆ ನೀವು ತಲೆ ಮೇಲೆ ಹೊರಿಸಿ ನಿಲ್ಸಿದ್ರಲ್ಲ, ಆ ಹೆಂಗಸು ಅಲ್ಲಿ ಕೂತಿದ್ದಾರೆ. ನಮ್ಮವ್ವ."

ರೈಟರು ಅವ್ವನನ್ನು ಸ್ವಲ್ಪ ಹೊತ್ತು ನೋಡಿದರು. "ನಂಗೆ ನೆನಪಿಲ್ಲಮ್ಮ" ಎಂದು ಶಾಲು ಸರಿಮಾಡಿಕೊಂಡು ಹೊರಟೇಹೋದರು.

ಅವರಿಗೆ ನೆನಪಿಲ್ಲದಿದ್ದರೆ ಕತ್ತೆ ಬಾಲ, ಊರಿಗೆಲ್ಲ ಗೊತ್ತಾಯಿತಲ್ಲ ಎಂದು ನಾನು ಬೀಗುತ್ತಿದ್ದೆ. ಆಟೋದಲ್ಲಿ ಮನೆಗೆ ಬರುವಾಗ ಅವ್ವ ರಸ್ತೆಯನ್ನೇ ನೋಡುತ್ತಾ ಕೂತಿದ್ದಳು. ತಡೆಯಲಾರದೆ, "ಸಮಾಧಾನ ಆಯ್ತೇನವ್ವಾ?" ಎಂದು ನಾನೇ ಕೇಳಿದೆ.

"ಅವತ್ತು ನಿಂತೋಳು ನಾನು ಮಾರಾಯ್ತಿ" ಎಂದಳು. "ಇಷ್ಟು ವರ್ಷ ನುಂಗ್ಕೊಂಡು ಕೂತೋಳೂ ನಾನೇ. ನೀನು ಎದ್ದೋಗಿ ಎಲ್ಲಾನೂ ಹೇಳ್ಬಿಟ್ಟೆ. ನನ್ನನ್ನ ಒಂದು ಮಾತು ಕೇಳಿದ್ಯಾ?"

ಅವ್ವ ಡ್ರೈವರನ ಭುಜ ತಟ್ಟಿ, "ತಿರುಗ್ಸಪ್ಪ. ರೈಟ್ರ ಮನೆ ಹತ್ರ ಬಿಡು" ಎಂದಳು.

ಗೇಟಿನ ಬಳಿ ನಾನೂ ಇಳಿಯಹೋದೆ. "ನೀ ಇಲ್ಲೇ ಇರು" ಎಂದು ಗದರಿದಳು. ಮೆಟ್ಟಿಲು ಹತ್ತಿ, ಚಪ್ಪಲಿಯನ್ನೂ ಬಿಡದೆ ಒಳಗೆ ಹೋದಳು. ಅವಳು ಯಾರ ಮನೆಯೊಳಕ್ಕೂ ಹಾಗೆ ಹೋದದ್ದನ್ನು ನಾನು ಕಂಡಿರಲಿಲ್ಲ. ಅವಳ ದನಿ ರಸ್ತೆಯವರೆಗೂ ಕೇಳಿಸಿತು.

"ಕೂತ್ಕೋಬೇಡಿ ರೈಟ್ರೇ. ನಿಂತ್ಕೊಂಡೇ ಕೇಳಿ."