ಕಾಕುವಿನ ಸಿಂಗಾಡದ ತೊಟ್ಟಿ

ಕಾಚಿಗೂಡ ನಿಲ್ದಾಣದ ಹೊರಗೆ, ಬೇಯಿಸಿದ ಸಿಂಗಾಡದ ಬುಟ್ಟಿಯಿಂದ ಕೆಸರಿನ ವಾಸನೆಯ ಹಬೆ ಏಳುತ್ತಿತ್ತು. ಕೆರೆಯ ನೀರಿನಲ್ಲಿ ಬೆಳೆಯುವ, ಕೊಂಬು ಮೂಡಿದ ಆ ಕಪ್ಪು ಕಾಯಿಗಳನ್ನು ಕಂಡೊಡನೆ ಕುಷಾಯಿಗೂಡದ ನಮ್ಮ ಎದುರು ಮನೆಯಾಕೆ, ನಾವೆಲ್ಲ ಚಿಕ್ಕಮ್ಮನೆಂಬಂತೆ ‘ಕಾಕು’ ಎಂದು ಕರೆಯುತ್ತಿದ್ದವರು, ಕಣ್ಣಮುಂದೆ ನಿಂತರು...

ಹೈದರಾಬಾದು ಆಂಧ್ರಪ್ರದೇಶದ ರಾಜಧಾನಿಯಾಗಿದ್ದ ದಿನಗಳು. ಕಾಕು ಹಿತ್ತಲಿನ ಸಿಮೆಂಟ್ ತೊಟ್ಟಿಯಲ್ಲಿ ಸಿಂಗಾಡ ಬೆಳೆಯುತ್ತಿದ್ದರು. ಮಳೆಗಾಲದಲ್ಲಿ ನೀರಿನ ಮೇಲೆ ಹರಡಿದ ಎಲೆಗಳನ್ನು ಮಗುಚಿ ಹುಳ ಆರಿಸುತ್ತಿದ್ದರು. ಬೇಸಿಗೆಯಲ್ಲಿ ಬೀಜದ ಕಾಯಿಗಳನ್ನು ತಳದ ಕೆಸರಿನಲ್ಲಿ ಕಾಪಾಡುತ್ತಿದ್ದರು. ಎರಡು ದಿನಕ್ಕೊಮ್ಮೆ ನಲ್ಲಿ ಬರುವಾಗಲೂ ಅಕ್ಕಿ ತೊಳೆದ ನೀರೆಲ್ಲ ತೊಟ್ಟಿಗೇ. “ಈ ಬೀಜ ಒಮ್ಮೆ ಒಣಗಿತಂದ್ರ ಮುಗೀತವಾ, ಮತ್ತ ಹುಟ್ಟೂದಿಲ್ಲ,” ಎನ್ನುತ್ತಿದ್ದರು. ಬೀಜ ತಂದಿದ್ದ ತವರಿನ ಕೆರೆಯನ್ನು ಆಗಲೇ ಮುಚ್ಚಿ ನಿವೇಶನಗಳನ್ನಾಗಿ ಮಾಡಿದ್ದರು.

ನಾನು ನಾರಾಯಣಗೂಡದ ಕಾಲೇಜಿನಲ್ಲಿ ಓದುತ್ತ, ಮಲೇರಿಯಾ ತಡೆಯಿರೆಂದು ಪುರಸಭೆಗೆ ಕೊಡುವ ದೂರಿಗೆ ಕಾಲೊನಿಯಲ್ಲಿ ಸಹಿ ಸಂಗ್ರಹಿಸುತ್ತಿದ್ದೆ. ನಮಗೆ ಕುಡಿಯಲು ನೀರಿಲ್ಲದಿರುವಾಗ ಕಾಲೊನಿ ಸಂಘದ ಅಧ್ಯಕ್ಷರ ಅಂಗಳದಲ್ಲಿ ಕಾರಂಜಿ, ಅದರ ಸುತ್ತ ಪಾಚಿಗಟ್ಟಿದ ಕೊಳ. ಅದು ಅನ್ಯಾಯ, ದೂರಿನ ಜೊತೆಗಿದ್ದ ನಿಂತ ನೀರಿನ ತಾಣಗಳ ಪಟ್ಟಿಯಲ್ಲಿ ಅದನ್ನೇ ಮೊದಲು ಬರೆದೆ. ಪಕ್ಷಪಾತವೆಂದು ಯಾರೂ ಅನ್ನಬಾರದೆಂದು ಕಾಕುವಿನ ತೊಟ್ಟಿಯನ್ನೂ ಬರೆದೆ, ಒಮ್ಮೆಯೂ ಇಣುಕಿ ನೋಡದೆ. ಅದೂ ಅನ್ಯಾಯವೇ.

ಆ ಬೇಸಿಗೆಯಲ್ಲಿ ತಪಾಸಣೆಯ ಅಧಿಕಾರಿ ಮೊದಲು ಬಂದದ್ದು ಕಾಕುವಿನ ಹಿತ್ತಲಿಗೆ.

“ಬರ್ರಿ ಲೀಡರ್‌ಬಾಯಿ, ನೀವೂ ನೋಡ್ರಿ,” ಎಂದು ನನ್ನನ್ನು ಕೆಣಕಿ, ಕಾಕು ಬಿಳಿ ಬಟ್ಟಲಿನಲ್ಲಿ ನೀರೆತ್ತಿ ಅವರ ಮುಂದೆ ಹಿಡಿದರು. “ಮೀನ ಬಿಟ್ಟೀನ್ರಿ ಸಾಹೇಬ್ರ. ಒಂದ ಸೊಳ್ಳಿ ಮರಿ ತೋರಸ್ರಿ, ನಾನ ಎಲ್ಲಾ ಚೆಲ್ಲತೀನಿ.”

ಒಂದೂ ಇರಲಿಲ್ಲ. ಅಧಿಕಾರಿ ನನ್ನ ದೂರನ್ನು ನನಗೇ ಚಾಚಿ ತೆಲುಗಿನಲ್ಲಿ ಹೇಳಿದರು: ಪಟ್ಟಿಯಲ್ಲಿರುವ ನೀರನ್ನು ಚೆಲ್ಲಿಸಲೇಬೇಕೆಂಬ ಆದೇಶವಿದೆ; ಈ ಸಾಲನ್ನು ಹೊಡೆದುಹಾಕಿದರೆ ತೊಟ್ಟಿಯನ್ನು ಮುಟ್ಟುವುದಿಲ್ಲ, ಆದರೆ ಒಂದು ತಪ್ಪೆಂದಾದರೆ ಇಡೀ ಪಟ್ಟಿಯೇ ಬಿದ್ದುಹೋಗುತ್ತದೆ.

ಕಾಕು ನನ್ನ ಅಕ್ಷರ ಗುರುತಿಸಿದರು. “ನೀನಾ?... ಒಂದ ಗೆರಿ ಎಳಿಯವಾ. ಅಷ್ಟ ಸಾಕು.”

ಕಾರಂಜಿಯನ್ನು ನೆನೆದೆ. ತತ್ತ್ವವನ್ನು ನೆನೆದೆ. ಪೆನ್ನು ಕೈಯಲ್ಲಿದ್ದರೂ ಕಾಗದವನ್ನು ಹಾಗೆಯೇ ಹಿಂದಿರುಗಿಸಿದೆ.

ನೀರು ಚರಂಡಿಗೆ ಹರಿಯಿತು. ಮೀನುಗಳು ಸಿಮೆಂಟಿನ ಮೇಲೆ ಬಡಿದಾಡಿದವು. ಕಾಕು ಬೀಜಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟರು. ಮೂರು ದಿನ ನಲ್ಲಿ ಬರಲಿಲ್ಲ, ಗೋಣಿ ಒಣಗಿತು. ನಮ್ಮ ಮನೆಯ ನೀರಿನ ಕೊಡ ಹೊತ್ತು ಹೋದೆ, ಕಾಕು ಬಾಗಿಲು ತೆರೆಯಲಿಲ್ಲ. ಕಾರಂಜಿಯತ್ತ ಯಾವ ಅಧಿಕಾರಿಯೂ ಸುಳಿಯಲಿಲ್ಲ. ಮುಂಗಾರಿನಲ್ಲಿ ಒಂದು ಬೀಜವೂ ಮೊಳೆಯಲಿಲ್ಲ...

ಕಾಕು ಈಗಿಲ್ಲ. ಆ ಬಳಿಕ ನಾನು ಎಷ್ಟೋ ದೂರುಗಳನ್ನು ಬರೆದಿದ್ದೇನೆ, ಹಲವರ ತಪ್ಪುಗಳನ್ನು ಹೆಸರು ಹಿಡಿದು ಹೇಳಿದ್ದೇನೆ. ನನ್ನ ಮೇಲೆ ನಾನೇ ಬರೆಯಬೇಕಿದ್ದ ದೂರೊಂದು ಮಾತ್ರ ಉಳಿದುಬಿಟ್ಟಿತ್ತು. ಅದನ್ನು ಓದಬೇಕಿದ್ದವರು ಹೋದ ಮೇಲೆ, ಈಗ ಬರೆಯುತ್ತಿದ್ದೇನೆ.