ಅಖ್ತರಿ ಬೀಯವರ ಚೌಕಾಬಾರ

ಚನ್ನಪಟ್ಟಣದ ಗೊಂಬೆ ಮಾಡುವವರ ಬೀದಿಯ ಅಖ್ತರಿ ಬೀಯವರಷ್ಟು ಸಲ ಚೌಕಾಬಾರ ಸೋತವರು ಇಡೀ ಮೈಸೂರು ಸೀಮೆಯಲ್ಲೇ ಇರಲಾರರು. ಅವರ ಎದುರಾಳಿಗಳೆಲ್ಲ ಮಕ್ಕಳು. ಪ್ಲೇಗಿನಲ್ಲಿ ಹೆತ್ತವರನ್ನು ಕಳೆದುಕೊಂಡು ಮಾತು ನಿಂತವರು, ಅನ್ನ ಬಿಟ್ಟವರು, ನಿದ್ದೆಯಲ್ಲಿ ಚೀರುವವರು. ವೈದ್ಯರೂ ಮಂತ್ರವಾದಿಗಳೂ ಕೈಚೆಲ್ಲಿದ ಮೇಲೆ ಮನೆಯವರು ಅವರನ್ನು ಬೀಯವರ ಜಗಲಿಗೆ ಕರೆತರುತ್ತಿದ್ದರು. ಬೀ ಮಗುವನ್ನು ಏನೂ ಕೇಳುತ್ತಿರಲಿಲ್ಲ. ಸೀಮೆಸುಣ್ಣದಲ್ಲಿ ಮನೆಗಳನ್ನು ಬರೆದು, ಮಗ ಅರಗು ಬಳಿದು ಕೊಟ್ಟ ಬಣ್ಣದ ಕಾಯಿಗಳನ್ನಿಟ್ಟು, “ನನ್ ಕಾಯಿ ಹೊಡಿ ನೋಡಾನ” ಎಂದು ಕವಡೆ ಬೀಸುತ್ತಿದ್ದರು. ಕಾಯಿ ಹೋದರೆ ಮೂರು ಬೀದಿಗೆ ಕೇಳುವಂತೆ ಗೋಳಾಡುತ್ತಿದ್ದರು. ವಿರೂಪಾಕ್ಷಿಪುರದ ಬೋರಲಿಂಗಯ್ಯ ಮೊಮ್ಮಗಳು ಮಾಯಮ್ಮನನ್ನು ಕರೆತಂದಾಗ, ತಾಯಿ ಸತ್ತಂದಿನಿಂದ ಆ ಮಗು ಒಂದು ವರ್ಷ ತುಟಿ ಬಿಚ್ಚಿರಲಿಲ್ಲ. ಪಕ್ಕದ ಮನೆಯ ನಾನು ಹದಿನೆಂಟು ದಿನ ಆ ಮಾತಿಲ್ಲದ ಆಟ ನೋಡಿದೆ. ಹತ್ತೊಂಬತ್ತನೆಯ ದಿನ ಬೀಯವರಿಗೆ ಮೂರು ಬಿತ್ತು. ಅವರು ಕಾಯಿಯನ್ನು ನಾಲ್ಕು ಮನೆ ನಡೆಸಿದರು. “ಮೋಸ! ಬಿದ್ದಿದ್ದು ಮೂರು ಕಣಜ್ಜಿ!” ಎಂದಳು ಮಾಯಮ್ಮ. ಬೀದಿಯಲ್ಲಿ ಕಾದಿದ್ದ ತಾತ ಅಳುತ್ತ ಓಡಿಬಂದ. ಬೀ ಕೈಯೆತ್ತಿ ತಡೆದರು. “ಒಸಿ ತಡ್ಕಳಿ ಗೌಡ್ರೆ, ಆಟ ನಡೀತೈತೆ” ಎಂದು, ಮಗುವಿನತ್ತ ತಿರುಗಿ, “ಹೂ ಕಣವ್ವ, ತಪ್ಪಾಯ್ತು” ಎಂದು ಕಾಯಿಯನ್ನು ಹಿಂದಿಡಲು ಹೋದರು. ಕಾಯಿ ಅವರ ಬೆರಳಿನಿಂದ ಎರಡು ಸಲ ಜಾರಿ ಬಿತ್ತು. ಮಾಯಮ್ಮ ಅದನ್ನೆತ್ತಿ ಸರಿಯಾದ ಮನೆಯಲ್ಲಿಟ್ಟು, “ಈಗ ನಂದು” ಎಂದು ಕವಡೆಗೆ ಕೈಚಾಚಿದಳು.